ಮತ್ರಾದ ಮೆಟ್ಟಿಲಿಗೊಂದು ಹರಕೆ

ಮೊದಲು ನನ್ನ ಹೆಡ್ಡತನವನ್ನೇ ಹೇಳಿ ಮುಗಿಸುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಭಾವನನ್ನು ಬಯ್ಯಲು ಶುರುಮಾಡಿದಾಗ, "ಇವನೇನು ಮಹಾ ಸಾಚಾ?" ಎಂದು ನೀವು ಕೇಳುತ್ತೀರಿ. ಇಲ್ಲಿ ಒಮಾನಿನಲ್ಲಿ, ಮತ್ರಾದ ಕಡಲಂಚಿನ ಗುಡ್ಡದ ಮೇಲೆ ಹಳೆಯ ಕಾವಲು ಗೋಪುರವೊಂದಿದೆ. ಅದಕ್ಕೆ ಹತ್ತಲು ಕಲ್ಲಿನ ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳ ತುದಿಯಲ್ಲಿ ಒಂದಾನೊಂದು ಕಾಲದಲ್ಲಿ ಪೋರ್ಚುಗೀಸರ ಇಗರ್ಜಿ, ಅಂದರೆ ಚರ್ಚು, ಇತ್ತು ಎಂದು ನನ್ನ ಮಾವ್ಶಿಗೆ ಹೇಳಿದವನು ನಾನು. ಪೋರ್ಚುಗೀಸರು ಈ ಕಡೆ ಇದ್ದದ್ದು ನಿಜ, ಕೋಟೆಗಳನ್ನು ಬಿಟ್ಟು ಜಾಗ ಖಾಲಿ ಮಾಡಿದ್ದೂ ನಿಜ. ಆ ಗೋಪುರದಲ್ಲಿ ಇಗರ್ಜಿ ಇದ್ದದ್ದು ಮಾತ್ರ ನನ್ನ ಸ್ವಂತ ತಯಾರಿ. ಮೀನಿನ ಚೀಲ ಹಿಂದಿನ ಸೀಟಿನಲ್ಲಿ ನಾರುತ್ತಿತ್ತು, ಸಿಗ್ನಲ್ ಕೆಂಪಾಗಿತ್ತು, ನನ್ನ ಬಾಯಿ ಸುಮ್ಮನಿರಲಿಲ್ಲ. ಅಷ್ಟೇ ಕಾರಣ.

ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮನ ಅಕ್ಕ ಅಥವಾ ತಂಗಿ. ಇವಳು ಅಕ್ಕ. ಇವಳ ಮಗಳು ನನಗೂ ಅಕ್ಕನೇ. ಆಕೆ, ಆಕೆಯ ಗಂಡ, ಅಂದರೆ ನನ್ನ ಭಾವ, ಅಲ್ ಅಜೈಬಾದ ಫ್ಲಾಟಿನಲ್ಲಿದ್ದಾರೆ. ನಾನು ವಾದಿ ಅದಾಯ್‌ನಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನ ಹಿಂದೆ ನಿಂತು ಹೊಟ್ಟೆ ಹೊರೆಯುತ್ತೇನೆ. ಓದು ಅಷ್ಟಕ್ಕಷ್ಟೆ, ರೂಪ ಅದಕ್ಕಿಂತ ಕಡಿಮೆ. ದೇವರು ಕೊಟ್ಟ ಒಂದೇ ಆಸ್ತಿ ಗಂಟಲು. ಯಾರ ಸ್ವರ ಬೇಕಾದರೂ ತೆಗೆಯುತ್ತೇನೆ. ಹಿಂದಿಯಲ್ಲಿ ಅರ್ಧ ಹೇಳಿ ಅರಬಿಯಲ್ಲಿ ಸಿಟ್ಟಾಗುವ ನಮ್ಮ ವೀಸಾದ ಧಣಿ ಕಫೀಲ್, ಪ್ರತಿ ಪ್ರಶ್ನೆಗೂ ಮೂಗಿನಿಂದ ಉತ್ತರಿಸುವ ಮಲಯಾಳಿ ಕ್ಯಾಶಿಯರ್, ಬ್ರೇಕ್ ಪ್ಯಾಡ್ ಕೇಳಲು ಬಂದು ಹಳ್ಳಿಯ ಕತೆ ಹೇಳಿ ಹೋಗುವ ಪಠಾಣ್ ಡ್ರೈವರ್. ಪ್ರತಿ ರಾತ್ರಿ ಅಮ್ಮನಿಗೆ ಫೋನಿನಲ್ಲಿ "ಊಟ ಆಯ್ತು, ಮೀನು ಇತ್ತು" ಎಂದು ಸುಳ್ಳು ಹೇಳುವ ನನ್ನದೇ ಸ್ವರವನ್ನು ಕೂಡ ಚೆನ್ನಾಗಿ ಅನುಕರಿಸುತ್ತೇನೆ.

ಮಾವ್ಶಿ ಬಂದದ್ದು ಬಾಣಂತನಕ್ಕೆ. ಗಲ್ಫಿನಲ್ಲಿರುವ ನಮ್ಮವರ ಕ್ರಮ ನಿಮಗೆ ಗೊತ್ತಿರಬಹುದು. ಹೆರಿಗೆ ಹತ್ತಿರ ಬಂದಾಗ ಊರಿನಿಂದ ತಾಯಿಯನ್ನು ವಿಸಿಟ್ ವೀಸಾದಲ್ಲಿ ಕರೆಸುತ್ತಾರೆ. ಆಕೆ ವಿಮಾನದಿಂದ ಇಳಿದು ನೇರ ಅಡುಗೆಮನೆ ಹೊಗುತ್ತಾಳೆ. ವೀಸಾ ಮುಗಿಯುವ ವಾರ ಮನೆಯವರಿಗೆಲ್ಲ ಒಮ್ಮೆಲೇ ನೆನಪಾಗುತ್ತದೆ: ಅಯ್ಯೋ, ಅಮ್ಮನಿಗೆ ಒಮಾನ್ ತೋರಿಸಲೇ ಇಲ್ಲ! ಆಮೇಲೆ ಒಂದೇ ಶುಕ್ರವಾರದ ರಜೆಯಲ್ಲಿ ದೊಡ್ಡ ಮಸೀದಿಯ ಹೊರಗೋಡೆ, ಹಳೇ ಪೇಟೆಯಾದ ಸೂಕಿನ ಬಾಗಿಲು, ಕಡಲ ಬದಿಯ ಕಾರ್ನಿಶ್‌ನ ಕಬ್ಬಿಣದ ಕಂಬಿ, ಎಲ್ಲದರ ಮುಂದೂ ನಿಲ್ಲಿಸಿ ಫೋಟೋ ಹೊಡೆಯುತ್ತಾರೆ. ಫೋಟೋದಲ್ಲಿ ತಾಯಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿರುತ್ತಾಳೆ. ಮಗಳು ಅದನ್ನು ಸ್ಟೇಟಸ್‌ಗೆ ಹಾಕಿ ಮೂರು ಹೃದಯ ಅಂಟಿಸುತ್ತಾಳೆ. ಇದನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

ಮಾವ್ಶಿ ಆ ಮೆಟ್ಟಿಲು ನೋಡಿದ್ದು ಬಂದ ಹೊಸತರಲ್ಲಿ. ಫ್ರೀಜರಿನ ಮೀನನ್ನು ಬಸುರಿಗೆ ಕೊಡಲಾಗದು ಎಂದು ಹಟ ಹಿಡಿದದ್ದರಿಂದ ಅವಳನ್ನು ಮತ್ರಾದ ಮೀನು ಮಾರ್ಕೆಟಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, ಮೂಸಿ, ಒಮಾನಿ ಮೀನುಗಾರನ ಜೊತೆ ಕೊಂಕಣಿಯಲ್ಲೇ ಚರ್ಚೆ ಮಾಡಿ ಗೆದ್ದು ಬಂದಳು. ವಾಪಸು ಬರುವಾಗ ಕಾರಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಗುಡ್ಡ ನೋಡಿದಳು.

"ಅದೆಂತ ಮಗಾ, ಕಲ್ಲಿನ ಮೆಟ್ಟಿಲು? ನಮ್ಮ ಶಿಲುಬೆ ಗುಡ್ಡೆಗೆ ಹೋಗುವ ಹಾಗೆ ಉಂಟಲ್ಲ!"

ಆಗಲೇ ನನ್ನ ಗಂಟಲಿಗೆ ದೆವ್ವ ಹೊಕ್ಕದ್ದು. ನಮ್ಮೂರ ಇಗರ್ಜಿಯ ಹಳೇ ಪಾದ್ರಿಗಳ ಸ್ವರ ತೆಗೆದೆ. ಪ್ರತಿ ಮಾತಿನ ಬಾಲವನ್ನು ಎಳೆದು, ನಡುವೆ ಒಂದು ಸಣ್ಣ ಕೆಮ್ಮು ಬಿಟ್ಟು, ಪ್ರಸಂಗ ಶುರುಮಾಡಿದೆ. "ಪ್ರಿಯ ವಿಶ್ವಾಸಿಗಳೇ, ಈ ಮೆಟ್ಟಿಲುಗಳ ಮೇಲೆ ಪೋರ್ಚುಗೀಸರ ಪುಟ್ಟ ಇಗರ್ಜಿ ಇತ್ತು. ಕಡಲಿಗೆ ಹೋದ ಮಕ್ಕಳಿಗಾಗಿ ತಾಯಂದಿರು ಬರಿಗಾಲಿನಲ್ಲಿ ಹತ್ತುತ್ತಿದ್ದರು…"

ಮಾವ್ಶಿ ನಕ್ಕಳು. ನಗುತ್ತಲೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅದನ್ನು ನಾನು ನೋಡಿದೆ, ಆದರೆ ಸಿಗ್ನಲ್ ಹಸಿರಾಯಿತು. ನಕಲಿ ಸ್ವರ ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಜೀವಮಾನವಿಡೀ ಆ ಸ್ವರದಲ್ಲಿ ಕೇಳಿದ್ದನ್ನು ನಂಬಿ ಅಭ್ಯಾಸ. ಸ್ವರ ಸುಳ್ಳು, ಸುದ್ದಿ ನಿಜ ಎಂದು ಅವಳು ಲೆಕ್ಕ ಹಾಕಿದಳು. ಅನುಕರಣೆ ಮಾಡುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು. ಅಂಗೈಯಲ್ಲಿ ಹಿಡಿಯುವಷ್ಟು. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಮಾವ್ಶಿ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದಳು, ಮುಟ್ಟುವಂತಿರಲಿಲ್ಲ. ಎಣ್ಣೆ ಹಚ್ಚಿ ಮೈ ತಿಕ್ಕಲು ಊರಿನಿಂದ ತಂದ ಕೈ ಸುಮ್ಮನೆ ಸೆರಗು ಮಡಚುತ್ತಾ ಬಿಚ್ಚುತ್ತಾ ಇತ್ತು. ಆ ದಿನಗಳಲ್ಲಿ ನಾನು ಯಾರ ಸ್ವರವನ್ನೂ ತೆಗೆಯಲಿಲ್ಲ. ಕೊನೆಗೂ ಮಗು ಉಳಿಯಿತು, ಮನೆಗೆ ಬಂತು, ಬಂದ ದಿನದಿಂದ ಅಪ್ಪನ ಹಾಗೆ ಕಿರುಚಲು ಶುರುಮಾಡಿತು.

ಒಂದು ಸಂಜೆ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹಪ್ಪಳ ತಿನ್ನುತ್ತಿದ್ದೆ. ಮಾವ್ಶಿ ಮೆಂತೆ ಹುರಿಯುತ್ತಿದ್ದಳು.

"ಮಗಾ, ನಿನ್ನ ಕಾರಿನಲ್ಲಿ ನನಗೊಂದು ಕೆಲಸ ಉಂಟು."

"ಮೀನಾ?"

"ಯಾವಾಗ ನೋಡಿದ್ರೂ ತಿನ್ನುವುದೇ ಯೋಚನೆ ನಿನಗೆ. ಆ ಮೆಟ್ಟಿಲು ಹತ್ತಬೇಕು. ಮಗು ಪೆಟ್ಟಿಗೆಯಿಂದ ಹೊರಗೆ ಬಂದರೆ ಬರಿಗಾಲಲ್ಲಿ ಹತ್ತಿ ಬರ್ತೇನೆ ಅಂತ ಹರಕೆ ಹೇಳಿದ್ದೇನೆ. ತಾಯಂದಿರು ಹತ್ತುತ್ತಿದ್ದರು ಅಂತ ನೀನೇ ಹೇಳಿದ್ದಲ್ವಾ?"

ಹಪ್ಪಳವನ್ನು ತಟ್ಟೆಗೆ ಇಟ್ಟೆ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಹರಕೆ ಎಂದ ಕೂಡಲೇ ಅವಳ ಮುಖ ಹೇಗಿತ್ತು ಎಂದರೆ, ಅದರ ಮುಂದೆ "ಮಾವ್ಶಿ, ಅದು ತಮಾಷೆ" ಎನ್ನಲು ನನ್ನ ಸಂಗ್ರಹದ ಯಾವ ಸ್ವರಕ್ಕೂ ಧೈರ್ಯ ಬರಲಿಲ್ಲ. ನಾನು ಹೋಗಿ ಹೇಳಿದ್ದು ಭಾವನ ಹತ್ತಿರ. ಇದು ನನ್ನ ಎರಡನೆಯ ಹೆಡ್ಡತನ.

ಭಾವ ಒಂದು ಕಂಪೆನಿಯಲ್ಲಿ ಸೇಫ್ಟಿ ಆಫೀಸರ್. ಶಿವಮೊಗ್ಗದಲ್ಲಿ ಬೆಳೆದವ. ಕೊಂಕಣಿ ಬರುತ್ತದೆ, ಆದರೆ ಜಗಳ, ಉಪದೇಶ ಎರಡಕ್ಕೂ ಕನ್ನಡವೇ ಬೇಕು. ಹಾಗಾಗಿ ಆ ಮನೆಯಲ್ಲಿ ಅವನು ಇರುವಾಗ ಎಲ್ಲರ ಮಾತೂ ಕನ್ನಡ. ಮಗು ಹುಟ್ಟುವ ಮೊದಲೇ ಟೇಬಲ್ಲಿನ ಮೂಲೆಮೂಲೆಗೂ ರಬ್ಬರ್ ಅಂಟಿಸಿದ್ದ. ಲಿಫ್ಟಿಗೆ ಹೊಗುವಾಗಲೂ ಎಲ್ಲರಿಗೂ ಒಂದು ಸಣ್ಣ ಭಾಷಣ ಇರುತ್ತದೆ. ನನ್ನ ಮಾತು ಕೇಳಿ ತಲೆ ಆಡಿಸಿದ.

"ಲೋ, ಈಗ ಹೇಳ್ಬೇಡ. ಅತ್ತು ಕರೆದು ರಂಪ ಆಗತ್ತೆ. ಹೇಗೂ ಅವರ ಮೊಣಕಾಲು ನೋವಲ್ಲಿ ಹತ್ತಕ್ಕೆ ಆಗಲ್ಲ. ನಾನು ಮ್ಯಾನೇಜ್ ಮಾಡ್ತೀನಿ."

ಮ್ಯಾನೇಜ್ ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ಮುಂದೂಡುವುದು. ಒಂದು ಶುಕ್ರವಾರ ಧೂಳು, ಇನ್ನೊಂದು ಶುಕ್ರವಾರ ಮಗುವಿಗೆ ಲಸಿಕೆ, ಮತ್ತೊಂದು ಶುಕ್ರವಾರ ಅವನ ಮ್ಯಾನೇಜರ್ ಊಟಕ್ಕೆ ಬರುವವ. ಆ ಅಡುಗೆ ಮಾಡಿದ್ದು ಯಾರು? ಮಾವ್ಶಿ. ನಾಲ್ಕು ಬಗೆ, ಕರಿದ ಸಣ್ಣ ಮೀನು ಬೇರೆ. ಮ್ಯಾನೇಜರ್ ಹೋದ ಮೇಲೆ ಪಾತ್ರೆ ತೊಳೆದವಳೂ ಅವಳೇ. ಆ ಹೊತ್ತಿಗೆ ಮೊಣಕಾಲಿನ ಸುದ್ದಿ ಯಾರೂ ಎತ್ತಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ಮೊಣಕಾಲಿನ ವಿಷಯಕ್ಕೇ. ಗೀಸರಿನ ನೀರು ಬಾಣಂತಿಯ ಮೈಗೆ ಹಿಡಿಯುವುದಿಲ್ಲ ಎಂದು ಮಾವ್ಶಿ ಸೊಪ್ಪು ಹಾಕಿ ಒಲೆಯ ಮೇಲೆ ನೀರು ಕುದಿಸುತ್ತಿದ್ದಳು. ಆ ಬಾಲ್ದಿಯನ್ನು ಅಡುಗೆಮನೆಯಿಂದ ಬಚ್ಚಲಿಗೆ ದಿನವೂ ಹೊತ್ತವಳು ಅವಳು. ಬೆಳಿಗ್ಗೆ ತಾಯಿಗೆ, ಆಮೇಲೆ ಮಗುವಿಗೆ. ಒದ್ದೆ ಟೈಲ್ಸಿನ ಮೇಲೆ, ಕುದಿಯುವ ನೀರು, ಅದೇ ಮೊಣಕಾಲು! ನಮ್ಮ ಸೇಫ್ಟಿ ಆಫೀಸರ್ ಅದೇ ಹೊತ್ತಿಗೆ ಸೋಫಾದಲ್ಲಿ ಕೂತು ಕಾಲು ಮೇಲೆತ್ತಿ "ಮಾಂಯ್, ಚಾ" ಎನ್ನುತ್ತಿದ್ದ. ಮಾಂಯ್ ಎಂದರೆ ಅತ್ತೆ. ಆ ಮಾಂಯ್‌ಗೆ ಮನೆಯ ಕೆಲಸಕ್ಕಾದರೆ ಗಟ್ಟಿ ಕಾಲು, ಅವಳ ಆಸೆಗಾದರೆ ಮುರುಕು ಕಾಲು. ಇದ್ಯಾವ ಊರಿನ ವೈದ್ಯಶಾಸ್ತ್ರ ಮಾರಾಯ್ರೇ?

ಅಕ್ಕನೂ ಕಡಿಮೆಯಿಲ್ಲ. ಒಮ್ಮೆ ನಾನು ವಿಷಯ ಎತ್ತಿದಾಗ, "ಪ್ಲೀಸ್, ಸ್ಟಾರ್ಟ್ ಮಾಡ್ಬೇಡ, ನನಗೆ ನಿದ್ದೆ ಇಲ್ಲ" ಎಂದಳು. ಅವಳಿಗೆ ನಿದ್ದೆ ಇರಲಿಲ್ಲ, ಒಪ್ಪುತ್ತೇನೆ. ಅವಳ ಅಮ್ಮನಿಗೆ ಇತ್ತೇ?

ಮಾವ್ಶಿ ಊರಿಗೆ ಹೋಗುವ ಮೊದಲಿನ ಕೊನೆಯ ಶುಕ್ರವಾರ ಬಂತು. ಇಗರ್ಜಿಯ ಪೂಜೆ ಮುಗಿಸಿ ಬಂದು ಊಟ ಮಾಡುವಾಗ ಮಾವ್ಶಿ ಅನ್ನ ಬಡಿಸುತ್ತಲೇ ಹೇಳಿದಳು.

"ಇವತ್ತು ಹತ್ತದಿದ್ದರೆ ಹರಕೆ ಹೊತ್ತುಕೊಂಡೇ ವಿಮಾನ ಹತ್ತಬೇಕು. ಅದು ನನ್ನಿಂದ ಆಗುವುದಿಲ್ಲ."

"ಮಾಂಯ್, ಇವತ್ತು ಇಗರ್ಜಿಗೆ ಹೋಗಿದ್ವಲ್ಲ, ಅಲ್ಲೇ ಹರಕೆ ತೀರಿಸಬಹುದಿತ್ತು. ಎಸಿ ಇದೆ, ಪಾರ್ಕಿಂಗೂ ಇದೆ."

"ಮೆಟ್ಟಿಲು ಹತ್ತಿ ಬರ್ತೇನೆ ಅಂತ ಹೇಳಿದ್ದು ನಾನು. ಪಾರ್ಕಿಂಗಿಗೆ ಬರ್ತೇನೆ ಅಂತ ಅಲ್ಲ."

ನಾನು ಸಾರಿನ ತಟ್ಟೆಗೆ ಮುಖ ತಗ್ಗಿಸಿ ನಕ್ಕೆ. ಭಾವ ನನ್ನತ್ತ ನೋಡಿದ ನೋಟದಲ್ಲಿ, ಎಲ್ಲಾ ನಿನ್ನಿಂದಲೇ ಎಂದಿತ್ತು. ಅದು ಸರಿಯೂ ಹೌದು.

ಸಂಜೆ ಎಲ್ಲರೂ ಮತ್ರಾಕ್ಕೆ ಹೋದೆವು. ಭಾವನ ಯೋಜನೆ ಪ್ರಕಾರ ಕಾರ್ನಿಶ್‌ನಲ್ಲಿ ಫೋಟೋ, ಸೂಕಿನಲ್ಲಿ ಲೋಬಾನ ಮತ್ತು ಹಲ್ವಾ, ಆಮೇಲೆ ಮನೆ. ಮೆಟ್ಟಿಲಿನ ಬುಡದಲ್ಲಿ ಕಾರು ನಿಲ್ಲಿಸಿದ್ದು ಕೂಡ ಫೋಟೋಕ್ಕಾಗಿಯೇ. ಮಾವ್ಶಿಯನ್ನು ಮೊದಲ ಮೆಟ್ಟಿಲ ಮೇಲೆ ನಿಲ್ಲಿಸಿ, ಮಗುವನ್ನು ಕೈಗೆ ಕೊಟ್ಟು, "ಸ್ಮೈಲ್ ಮಾಂಯ್" ಎಂದ. ಫೋಟೋ ಹೊಡೆದು, "ಆಯ್ತಲ್ಲ, ಮೆಟ್ಟಿಲ ಮೇಲೆ ನಿಂತ ಹಾಗೂ ಆಯ್ತು" ಎಂದ.

ಹೇಳಿ ನೋಡೋಣ, ಇಂಥವನಿಗೆ ಏನು ಮಾಡಬೇಕು?

ಮಾವ್ಶಿ ಮೇಲೆ ನೋಡಿದಳು. ಕಂದು ಬಂಡೆಗೆ ಒತ್ತಿಕೊಂಡು ಏರಿದ ಮೆಟ್ಟಿಲುಗಳು, ಕೆಲವು ಅಗಲ, ಕೆಲವು ಅರ್ಧ ಪಾದಕ್ಕೂ ಸಾಲದವು. ಭಾವ ಶುರುಮಾಡಿದ.

"ನೋಡಿ ಮಾಂಯ್, ಎತ್ತರ ಒಂದೊಂದು ಒಂದೊಂದು ಥರ. ಹಿಡ್ಕೊಳಕ್ಕೆ ಏನೂ ಇಲ್ಲ. ಸೈಟಲ್ಲಿ ಇಂಥ ಮೆಟ್ಟಿಲು ಇದ್ರೆ ನಾನು ಕೆಲಸಾನೇ ನಿಲ್ಲಿಸ್ತೀನಿ. ಬಿದ್ರೆ ಯಾರು ಜವಾಬ್ದಾರಿ?"

"ನಾನು," ಎಂದಳು ಮಾವ್ಶಿ.

"ಹಾಗಲ್ಲ ಮಾಂಯ್…"

ಅಕ್ಕ ನಡುವೆ ಬಂದಳು. "ಅಮ್ಮಾ, ಹಟ ಮಾಡ್ಬೇಡ. ಮೇಲೆ ಎಂತ ಉಂಟು, ಬರೀ ಕಲ್ಲು."

ಮಾವ್ಶಿ ಮಗುವನ್ನು ಅಕ್ಕನ ಕೈಗೆ ಕೊಟ್ಟು, ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು.

"ಆಯ್ತು. ನೀವು ಸೂಕಿಗೆ ಹೋಗಿ ಬನ್ನಿ. ಅಷ್ಟು ದೂರ ನನಗೆ ನಡೆಯಲಿಕ್ಕೆ ಆಗುವುದಿಲ್ಲ. ಈ ಕಾಲು ಹಾಳಾಗಿ ಹೋಗಲಿ. ಇಲ್ಲೇ ಗಾಳಿಗೆ ಕೂತಿರ್ತೇನೆ. ಇವ ನನ್ನ ಜೊತೆ ಇರ್ತಾನೆ."

ಭಾವನ ಮುಖ ಅರಳಿತು. ತನ್ನ ಮ್ಯಾನೇಜ್‌ಮೆಂಟಿಗೆ ತಾನೇ ಶಹಬ್ಬಾಸ್ ಹೇಳಿಕೊಂಡ ಮುಖ ಅದು. "ಗುಡ್. ರೆಸ್ಟ್ ತಗೊಳ್ಳಿ. ಲೋ, ನೀರು ಕುಡಿಸು ಅವರಿಗೆ" ಎಂದು ನನಗೆ ಆಜ್ಞೆ ಕೊಟ್ಟು ಹೊರಟ. ಅವರು ರಸ್ತೆಯ ತಿರುವು ದಾಟುವವರೆಗೆ ಮಾವ್ಶಿ ಮೊಣಕಾಲು ಒತ್ತುತ್ತಲೇ ಇದ್ದಳು. ದಾಟಿದರು. ಮಾವ್ಶಿ ಎದ್ದಳು, ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಾಯಿ ಮುಚ್ಚು ಮಗಾ, ನೊಣ ಹೋದೀತು. ನಡೆ."

ಅಲ್ಲಿಯವರೆಗೆ ಮನೆಯಲ್ಲಿ ನಟನೆ ಬರುವವನು ನಾನೊಬ್ಬನೇ ಎಂದುಕೊಂಡಿದ್ದೆ.

ಹತ್ತಿದೆವು. ಅವಳು ಬಲಗಾಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಒಂದು ಕೈಯನ್ನು ಬಂಡೆಗೆ ಊರಿ, ಅಡ್ಡಡ್ಡವಾಗಿ ಏಡಿಯ ಹಾಗೆ ಹತ್ತಿದಳು. ಕಲ್ಲಿನಲ್ಲಿ ಹಗಲಿನ ಬಿಸಿ ಇನ್ನೂ ಇತ್ತು. ತುಟಿ ಅಲುಗುತ್ತಿತ್ತು, ಜಪ ಇರಬೇಕು. ಬೀಳದ ಹಾಗೆ ಹಿಡಿಯಲು ನಾನು ಹಿಂದೆ. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಿದ್ದವನು ನಾನು. "ನಿನ್ನ ಸಿಗರೇಟು ಕೂಗ್ತಾ ಉಂಟು" ಎಂದಳು, ತಿರುಗಿಯೂ ನೋಡದೆ.

ಮೇಲಿನಿಂದ ಒಬ್ಬಳು ಒಮಾನಿ ಅಜ್ಜಿ ಮೊಮ್ಮಕ್ಕಳ ಜೊತೆ ಇಳಿಯುತ್ತಿದ್ದಳು. ಮಾವ್ಶಿಯ ಬರಿಗಾಲನ್ನು ನೋಡಿ ನಿಂತಳು. "ಶ್ವಯ್ ಶ್ವಯ್," ನಿಧಾನ ನಿಧಾನ ಎಂದು ಹೇಳಿ, ಗೋಡೆಯ ಬದಿ ಬಿಟ್ಟುಕೊಟ್ಟು, ತಾನು ಅಂಚಿಗೆ ಸರಿದಳು. ಏನು, ಯಾಕೆ, ಮೊಣಕಾಲು ಹೇಗೆ, ಯಾರು ಜವಾಬ್ದಾರಿ ಎಂದು ಅವಳು ಕೇಳಲಿಲ್ಲ. ಗುರುತಿಲ್ಲದವರಿಗೆ ಇಷ್ಟು ತಿಳಿಯುತ್ತದೆ, ಮನೆಯವರಿಗೆ ಯಾಕೆ ತಿಳಿಯುವುದಿಲ್ಲ ಎಂದು ನನಗೆ ಅಲ್ಲಿಯೂ ಸಿಟ್ಟೇ ಬಂತು.

ತುದಿಯಲ್ಲಿ ಉರುಟು ಗೋಪುರ. ಒಳಗೆ ಬರೀ ಗೋಡೆ, ಬಂದೂಕಿಗೆ ಬಿಟ್ಟ ಕಿಂಡಿಗಳು. ಕಿಂಡಿಯಿಂದ ಹಡಗುಗಳು, ಬಂದರುಕಟ್ಟೆ, ಹೊಳೆಯುವ ನೀರು ಕಾಣುತ್ತಿತ್ತು. ಗಾಳಿ ಜೋರು. ಮಾವ್ಶಿ ಬ್ಯಾಗಿನಿಂದ ಮೇಣದಬತ್ತಿ ತೆಗೆದಳು, ಗಾಳಿ ನೋಡಿದಳು, ಹಚ್ಚದೆ ಕೈಯಲ್ಲೇ ಹಿಡಿದುಕೊಂಡಳು.

"ಅಲ್ತಾರ್ ಯಾವ ಕಡೆ ಇದ್ದದ್ದು ಮಗಾ?"

ಇಗರ್ಜಿಯ ಬಲಿಪೀಠ ಎಲ್ಲಿತ್ತು ಎಂದು ಅವಳು ಕೇಳುತ್ತಿದ್ದಳು. ಕಫೀಲ್, ಕ್ಯಾಶಿಯರ್, ಪಠಾಣ್, ಪಾದ್ರಿ, ಎಲ್ಲರೂ ನನ್ನ ಗಂಟಲಿನಿಂದ ಇಳಿದು ಓಡಿಹೋದರು. ಉಳಿದದ್ದು ನನ್ನ ಸ್ವರ, ಅದೂ ಒಡೆದದ್ದು.

"ಗೊತ್ತಿಲ್ಲ ಮಾವ್ಶಿ."

"ಗೊತ್ತಿಲ್ಲದಿದ್ದರೆ ಸುಮ್ಮನೆ ನಿಲ್ಲು" ಎಂದು ಕಡಲಿನ ಕಡೆ ಮುಖ ಮಾಡಿ ಮೊಣಕಾಲೂರಿದಳು. ಹೌದು, ಅದೇ ಮೊಣಕಾಲು. ಬಹಳ ಹೊತ್ತು ಹಾಗೇ ಇದ್ದಳು. ನಾನು ಬಾಗಿಲಲ್ಲಿ ಚಪ್ಪಲಿ ಹಿಡಿದು ನಿಂತಿದ್ದೆ. ನಾನು ಅಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಕಡಿದಾದಲ್ಲಿ ಮಾವ್ಶಿ ಮಕ್ಕಳ ಹಾಗೆ ಕೂತು ಕೂತು ಜಾರಿದಳು, ಜಾರುವಾಗ ನಕ್ಕಳು. ಅವಳು ಒಮಾನಿಗೆ ಬಂದ ಮೇಲೆ ಹಾಗೆ ನಕ್ಕದ್ದು ನಾನು ನೋಡಿದ್ದೇ ಅಂದು.

ಬುಡದಲ್ಲಿ ಭಾವ ನಿಂತಿದ್ದ. ಒಂದು ಕೈಯಲ್ಲಿ ಹಲ್ವಾದ ಚೀಲ, ಇನ್ನೊಂದರಲ್ಲಿ ಫೋನು. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ಅಕ್ಕ.

"ಏನ್ರೀ ಇದು? ತಲೆ ಇದೆಯಾ ನಿಮಗೆ? ಬಿದ್ದು ಕಾಲು ಮುರಿದಿದ್ರೆ ಫ್ಲೈಟ್ ಹೇಗೆ ಹತ್ತುತ್ತಿದ್ರಿ? ಲೋ, ನಿನಗಂತೂ ಬುದ್ಧಿ ಇಲ್ಲ, ಗೊತ್ತು. ಕರ್ಕೊಂಡು ಹೋದೆಯಲ್ಲ!"

"ನಾನು ಕರ್ಕೊಂಡು ಹೋಗ್ಲಿಲ್ಲ ಭಾವ. ಅವಳೇ ನನ್ನನ್ನು ಕರ್ಕೊಂಡು ಹೋದದ್ದು."

"ಬಾಯಿ ಮುಚ್ಚು!"

ಮಾವ್ಶಿ ಸೀರೆಯ ಧೂಳು ಕೊಡವಿದಳು. "ಹರಕೆ ಮುಗೀತು. ಇನ್ನು ಎಷ್ಟು ಬೇಕಾದ್ರೂ ಬಯ್ಯಿ" ಎಂದಳು, ಸಮಾಧಾನವಾಗಿ.

ಆ ಸಮಾಧಾನವೇ ಅವನಿಗೆ ತಡೆಯಲಾಗಲಿಲ್ಲ. ಬಿದ್ದಿದ್ದರೆ ಕ್ಷಮಿಸುತ್ತಿದ್ದನೇನೋ. ಬೀಳದೆ, ತನ್ನ ಅನುಮತಿಯಿಲ್ಲದೆ, ಖುಷಿಯಾಗಿ ಇಳಿದು ಬಂದಳಲ್ಲ, ಅದಕ್ಕೆ ಏನು ಮಾಡುವುದು? "ಹೇಳಬೇಡ, ಅಳುತ್ತಾರೆ" ಎಂದು ನನ್ನ ಬಾಯಿ ಕಟ್ಟಿಹಾಕಿದವನೇ, ಅಷ್ಟು ದಿನ ಜೋಪಾನ ಮಾಡಿದ್ದನ್ನು ಹೊರಗೆ ಎಳೆದ. ಹತ್ತುವ ಮೊದಲು ಹೇಳಿದ್ದರೆ ತಡೆಯಲಿಕ್ಕಾದರೂ ಹೇಳಿದ ಎನ್ನಬಹುದಿತ್ತು. ಹತ್ತಿ ಇಳಿದ ಮೇಲೆ ಹೇಳುವುದು ನೋಯಿಸಲಿಕ್ಕೆ ಮಾತ್ರ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಯಾವ ಹರಕೆ ಮಾಂಯ್? ಅಲ್ಲಿ ಇಗರ್ಜಿನೇ ಇರಲಿಲ್ಲ. ಇವನು ಬುರುಡೆ ಬಿಟ್ಟಿದ್ದು. ಕೇಳಿ ಬೇಕಾದ್ರೆ!"

ಮಾವ್ಶಿ ನನ್ನನ್ನು ನೋಡಿದಳು. ಹೌದೆಂದು ನಾನು ತಲೆ ಆಡಿಸಿದೆ. ಅವಳು ಒಮ್ಮೆ ಮೇಲೆ ಗೋಪುರ ನೋಡಿದಳು, ಆಮೇಲೆ ತನ್ನ ಕೆಂಪಾದ ಪಾದ ನೋಡಿದಳು. ಅಕ್ಕ "ಅಯ್ಯೋ, ಸಾಕು ಬಿಡಿ" ಎಂದು ಗಂಡನ ತೋಳು ಹಿಡಿದಳು. ಅವನು ಬಿಡುವವನಲ್ಲ.

"ಇಗರ್ಜಿ ಇಲ್ಲ ಅಂದ್ಮೇಲೆ ಹರಕೆನೂ ಇಲ್ಲ. ಕ್ಯಾನ್ಸಲ್. ಖಲಾಸ್. ಸುಮ್ನೆ ಕಾಲು ನೋಯಿಸ್ಕೊಂಡಿದ್ದು, ಅಷ್ಟೆ."

ಮಾವ್ಶಿ ನನ್ನ ಕೈಯಿಂದ ಚಪ್ಪಲಿ ತೆಗೆದುಕೊಂಡು ನೆಲಕ್ಕೆ ಹಾಕಿ ಮೆಟ್ಟಿಕೊಂಡಳು. ಅಕ್ಕನ ಹತ್ತಿರ ಹೋಗಿ ಮಗುವನ್ನು ಎತ್ತಿಕೊಂಡಳು, ಗಾಳಿ ತಾಗದ ಹಾಗೆ ಅದರ ಕಿವಿಗೆ ಸೆರಗು ಮುಚ್ಚಿದಳು. ಆಮೇಲೆ ಅಳಿಯನ ಮುಖ ನೋಡಿ ಕೇಳಿದಳು:

"ಹಾಗಾದ್ರೆ ಮಗು ಹುಷಾರಾಗಿ ಮನೆಗೆ ಬಂದದ್ದೂ ಕ್ಯಾನ್ಸಲಾ?"